ಮಾಸ್ಕಿಂಗ್ ಫ್ಲೂಯಿಡ್: ಬಿಳಿಯ ಕಾವಲಿಗಲ್ಲ, ವಾಶ್‌ನ ಬಿಡುಗಡೆಗೆ

ಜಲವರ್ಣದಲ್ಲಿ ಚಿತ್ರ ಬರೆಯುವವರ ನಡುವೆ ಒಂದು ಪುಟ್ಟ ಬಾಟಲಿಯ ಬಗ್ಗೆ ಮುಗಿಯದ ತಕರಾರಿದೆ. ಅದರ ಹೆಸರು ಮಾಸ್ಕಿಂಗ್ ಫ್ಲೂಯಿಡ್. ಚಿತ್ರದಲ್ಲಿ ಎಲ್ಲೆಲ್ಲಿ ಕಾಗದ ಬಿಳಿಯಾಗಿಯೇ ಉಳಿಯಬೇಕೋ ಅಲ್ಲೆಲ್ಲ ಈ ದ್ರವವನ್ನು ಮೊದಲೇ ಹಚ್ಚುತ್ತಾರೆ. ಒಣಗಿದಾಗ ಅದು ತೆಳುವಾದ ರಬ್ಬರ್ ಪೊರೆಯಾಗುತ್ತದೆ. ಅದರ ಮೇಲೂ ಸುತ್ತಲೂ ಬೇಕಾದಷ್ಟು ಬಣ್ಣದ ನೀರು ಹರಿಸಬಹುದು. ಎಲ್ಲ ಒಣಗಿದ ಮೇಲೆ ಬೆರಳ ತುದಿಯಿಂದ ಉಜ್ಜಿದರೆ ಪೊರೆ ಸುರುಳಿ ಸುತ್ತಿಕೊಂಡು ಮೇಲೇಳುತ್ತದೆ, ಅಡಿಯ ಕಾಗದ ಮೊದಲಿನಂತೆ ಬೆಳ್ಳಗಿರುತ್ತದೆ. ಒಂದು ಪಂಗಡ ಇದನ್ನು ಕಳ್ಳದಾರಿ ಎನ್ನುತ್ತದೆ: ಬಿಳಿಯನ್ನು ಉಳಿಸಿಕೊಳ್ಳುವುದಿದ್ದರೆ ಕುಂಚದ ಹಿಡಿತದಿಂದಲೇ ಉಳಿಸಿಕೊಳ್ಳಬೇಕು, ರಬ್ಬರ್ ಮೆತ್ತಿ ಉಳಿಸಿಕೊಂಡದ್ದಕ್ಕೆ ಬೆಲೆಯಿಲ್ಲ ಎಂಬುದು ಅವರ ನಿಲುವು. ಇನ್ನೊಂದು ಪಂಗಡ ಬಣ್ಣದ ಪೆಟ್ಟಿಗೆಯ ಜೊತೆಗೇ ಈ ಬಾಟಲಿಯನ್ನೂ ಕೊಳ್ಳುತ್ತದೆ. ಮೊಬೈಲ್ ನೋಡಿ ಜಲವರ್ಣ ಕಲಿಯುವವರು ಹೆಚ್ಚಿದಂತೆ ಈ ಎರಡನೆಯ ಪಂಗಡ ಬೆಳೆಯುತ್ತಿದೆ. ಪೊರೆ ಕಿತ್ತಾಗ ಬಿಳಿ ಹೊರಬರುವ ಗಳಿಗೆಯೇ ಅಂಥ ಎಷ್ಟೋ ವಿಡಿಯೊಗಳ ಮುಖ್ಯ ಆಕರ್ಷಣೆ.

ಎರಡೂ ಕಡೆಯವರು ತಪ್ಪು ಪ್ರಶ್ನೆಯನ್ನು ಹಿಡಿದು ಜಗ್ಗಾಡುತ್ತಿದ್ದಾರೆ ಎಂಬುದು ನನ್ನ ವಾದ. ಮಾಸ್ಕಿಂಗ್ ಫ್ಲೂಯಿಡ್ ಇರುವುದು ಬಿಳಿಯನ್ನು ಕಾಯಲು ಎಂದು ಇಬ್ಬರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಹಾಗೆ ಒಪ್ಪಿದ ಮೇಲೆ ಉಳಿಯುವುದು ಒಂದೇ ಚರ್ಚೆ: ಕಾಯುವ ಕೆಲಸವನ್ನು ಕೈ ಮಾಡಬೇಕೋ, ರಬ್ಬರ್ ಮಾಡಬಹುದೋ. ಆದರೆ ಬಿಳಿಯನ್ನು ಕಾಯಲು ಬೇರೆ ಹತ್ತಾರು ದಾರಿಗಳಿವೆ. ಅಲ್ಲಿಗೆ ಬಣ್ಣ ಹಚ್ಚದೆ ಬಿಡುವುದು ಎಲ್ಲಕ್ಕಿಂತ ಸರಳವಾದ ದಾರಿ. ಈ ದ್ರವದ ನಿಜವಾದ ಪ್ರಯೋಜನ ಬಿಳಿಯ ಜಾಗದಲ್ಲಿಲ್ಲ, ಆ ಬಿಳಿಯ ಸುತ್ತಲಿನ ಬಣ್ಣದಲ್ಲಿದೆ. ಸುತ್ತಲಿನ ವಾಶ್, ಅಂದರೆ ತೆಳ್ಳಗೆ ಹರಡಿದ ಬಣ್ಣದ ನೀರು, ಎಲ್ಲಿಯೂ ತಡೆಯದೆ, ತಿರುಗದೆ, ಒಂದೇ ಓಟದಲ್ಲಿ ಹರಿಯಬೇಕಾದಾಗ, ಮತ್ತು ಅದರ ದಾರಿಗೆ ಅಡ್ಡವಾಗಿ ಸಣ್ಣ, ಚೂಪಾದ ಬಿಳಿ ಆಕಾರಗಳು ನಿಂತಾಗ, ಆಗ ಮಾತ್ರ ಈ ದ್ರವಕ್ಕೆ ಕೆಲಸವಿದೆ. ಇದನ್ನು ಒಪ್ಪಿದರೆ ನಿಷೇಧವೂ ಬೇಕಾಗುವುದಿಲ್ಲ, ಕಂಡಲ್ಲೆಲ್ಲ ಬಳಿಯುವ ಚಟಕ್ಕೂ ಆಧಾರ ಉಳಿಯುವುದಿಲ್ಲ.

ಜಲವರ್ಣದಲ್ಲಿ ಬಿಳಿ ಏಕೆ ಇಷ್ಟು ದೊಡ್ಡ ಸಂಗತಿ? ತೈಲವರ್ಣದಲ್ಲಿ ಬೆಳಕನ್ನು ಕೊನೆಗೂ ತರಬಹುದು. ಕಪ್ಪು ಹಿನ್ನೆಲೆಯ ಮೇಲೆ ದಪ್ಪ ಬಿಳಿಯ ಒಂದು ಬೊಟ್ಟಿಟ್ಟರೆ ಮೂಗುತಿಯ ಹರಳು ಹೊಳೆಯುತ್ತದೆ. ಜಲವರ್ಣದಲ್ಲಿ ಕ್ರಮ ತಿರುವುಮುರುವು. ಇಲ್ಲಿ ಬಣ್ಣವೆಂದರೆ ಜಾಲಿ ಜಾತಿಯ ಮರದ ಗೋಂದಿನಲ್ಲಿ ಅರೆದ ವರ್ಣದ್ರವ್ಯ. ಅದನ್ನು ನೀರಿನಲ್ಲಿ ತೆಳ್ಳಗೆ ಹರಡಿದಾಗ ಬೆಳಕು ಬಣ್ಣದ ಪದರವನ್ನು ತೂರಿಕೊಂಡು ಹೋಗಿ ಕಾಗದವನ್ನು ಮುಟ್ಟಿ, ಅಲ್ಲಿಂದ ಹಿಂತಿರುಗಿ, ಮತ್ತೊಮ್ಮೆ ಅದೇ ಪದರವನ್ನು ಹಾದು ನಮ್ಮ ಕಣ್ಣಿಗೆ ಬರುತ್ತದೆ. ಹಾಗಾಗಿ ಚಿತ್ರದ ಬೆಳಕೆಲ್ಲ ಕಾಗದದ್ದು. ಬಣ್ಣ ಆ ಬೆಳಕನ್ನು ಅಷ್ಟಿಷ್ಟು ಕಡಿಮೆ ಮಾಡುತ್ತ ಹೋಗುತ್ತದೆ. ಒಮ್ಮೆ ಕಳೆದ ಬೆಳಕು ಪೂರ್ತಿ ವಾಪಸು ಬರುವುದೂ ಕಷ್ಟ. ಅಲ್ಟ್ರಾಮರೀನ್ ನೀಲಿಯನ್ನು ಒದ್ದೆ ಕುಂಚದಿಂದ ಉಜ್ಜಿ ಒಂದಿಷ್ಟು ಎತ್ತಬಹುದು, ಆದರೆ ಥಾಲೋ ನೀಲಿ, ಥಾಲೋ ಹಸಿರುಗಳು ಕಾಗದದ ನಾರಿಗೆ ಕಚ್ಚಿಕೊಂಡರೆ ಎಷ್ಟು ಒರೆಸಿದರೂ ಕಲೆ ಉಳಿಯುತ್ತದೆ. ಆದ್ದರಿಂದ ಅತ್ಯಂತ ಬೆಳ್ಳಗಿರಬೇಕಾದ ಜಾಗ ಯಾವುದೆಂಬ ತೀರ್ಮಾನ ಮೊದಲ ಕುಂಚ ಕಾಗದಕ್ಕೆ ತಾಗುವ ಮುನ್ನವೇ ಆಗಿರಬೇಕು. ಈ ಮಾಧ್ಯಮದ ಕಷ್ಟವೂ ಸೊಗಸೂ ಇರುವುದು ಇಲ್ಲಿಯೇ.

ಇನ್ನು ವಾಶ್‌ನ ಸ್ವಭಾವ. ಆಕಾಶವನ್ನೋ ಕೆರೆಯ ನೀರನ್ನೋ ಬರೆಯುವಾಗ ಹಲಗೆಯನ್ನು ತುಸು ಓರೆ ಮಾಡಿ, ಬಣ್ಣ ತುಂಬಿದ ಕುಂಚವನ್ನು ಈ ಬದಿಯಿಂದ ಆ ಬದಿಗೆ ಎಳೆಯುತ್ತಾರೆ. ಪ್ರತಿ ಎಳೆತದ ಕೆಳ ಅಂಚಿನಲ್ಲಿ ನೀರಿನ ಒಂದು ಸಾಲು ತುಳುಕುತ್ತಿರುತ್ತದೆ; ಮುಂದಿನ ಎಳೆತ ಆ ಸಾಲನ್ನು ಹಿಡಿದು ಕೆಳಗಿಳಿಸುತ್ತದೆ. ಆ ಸಾಲು ಒಣಗಲು ಬಿಡದಿದ್ದರೆ ಮಾತ್ರ ವಾಶ್ ಕಲೆಯಿಲ್ಲದೆ ಬರುತ್ತದೆ. ನಡುವೆ ಒಂದು ಬೆಳ್ಳಕ್ಕಿಯ ಆಕಾರವನ್ನು ಸುತ್ತಿಕೊಂಡು ಹೋಗಬೇಕೆಂದರೆ ಕುಂಚ ನಿಧಾನವಾಗುತ್ತದೆ. ನಿಧಾನವಾದರೆ ಹಿಂದಿನ ಅಂಚು ಒಣಗಿ ಗೆರೆ ಮೂಡುತ್ತದೆ. ಅರೆ ಒಣಗಿದ ಜಾಗಕ್ಕೆ ಮತ್ತೆ ನೀರು ಹೋದರೆ ಅದು ಬಣ್ಣವನ್ನು ತಳ್ಳಿಕೊಂಡು ಹೂಕೋಸಿನ ಆಕಾರದ ಕಲೆಯಾಗುತ್ತದೆ. ಎಷ್ಟು ಹೊತ್ತು ಸಿಗುತ್ತದೆ ಎಂಬುದು ಹವೆಯ ಮೇಲೂ ನಿಂತಿದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ಬಯಲಲ್ಲಿ ಕೂತು ಬರೆಯುವವರಿಗೆ ಕಾಗದ ಕಣ್ಣೆದುರೇ ಒಣಗುತ್ತದೆ. ಆಷಾಢದ ಮಂಗಳೂರಿನಲ್ಲಿ ಅದೇ ವಾಶ್ ಬಹಳ ಹೊತ್ತು ಹಸಿಯಾಗಿಯೇ ಇರುತ್ತದೆ. ಒಂದು ಬೆಳ್ಳಕ್ಕಿಯನ್ನಾದರೆ ನಿಪುಣ ಕೈ ಸುತ್ತಿಕೊಂಡು ಹೋದೀತು. ಗದ್ದೆಯ ತುಂಬ ಚದುರಿದ ಹದಿನೈದು ಬೆಳ್ಳಕ್ಕಿಗಳಿದ್ದರೆ ಎಂಥ ಕೈಗೂ ವಾಶ್ ಒಡೆಯುತ್ತದೆ. ಆಗ ಹಕ್ಕಿಗಳು ಬೆಳ್ಳಗೇ ಉಳಿದಿರುತ್ತವೆ, ಕೆಟ್ಟಿರುವುದು ಗದ್ದೆ.

ಇದಕ್ಕೆ ಪರಿಹಾರ ಹುಡುಕಿದವರು ಇಂದಿನ ಹವ್ಯಾಸಿಗಳಲ್ಲ. ಯಾರ್ಕ್‌ಶೈರ್‌ನ ಫ್ರಾನ್ಸಿಸ್ ನಿಕೋಲ್ಸನ್ ಎಂಬ ಚಿತ್ರಕಾರ 18ನೇ ಶತಮಾನದ ಕೊನೆಯ ಹೊತ್ತಿಗೆ ಜೇನುಮೇಣ, ಟರ್ಪೆಂಟೈನ್ ಮತ್ತು ಬಿಳಿ ವರ್ಣದ್ರವ್ಯ ಸೇರಿಸಿದ ಒಂದು ಲೇಪವನ್ನು ಬೆಳಕಿನ ಜಾಗಗಳಿಗೆ ಹಚ್ಚಿ, ಮೇಲೆ ವಾಶ್ ಹರಿಸಿ, ಆಮೇಲೆ ಲೇಪವನ್ನು ಟರ್ಪೆಂಟೈನ್‌ನಿಂದ ಕರಗಿಸಿ ತೆಗೆಯುವ ವಿಧಾನ ರೂಪಿಸಿದ. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಅದಕ್ಕೆ ಬಹುಮಾನ ಕೊಟ್ಟಿತು. ಇದೇ ನಿಕೋಲ್ಸನ್ 1804ರಲ್ಲಿ ಜಲವರ್ಣಕಾರರು ತಮ್ಮದೇ ಸಂಘ ಕಟ್ಟಿಕೊಂಡಾಗ ಅದರ ಸ್ಥಾಪಕರಲ್ಲೊಬ್ಬ. ಆ ಸಂಘವೇ ಇಂದಿನ ರಾಯಲ್ ವಾಟರ್‌ಕಲರ್ ಸೊಸೈಟಿ. ಜಲವರ್ಣಕ್ಕೆ ತೈಲವರ್ಣದ ಸಮಾನ ಮರ್ಯಾದೆ ಬೇಕೆಂದು ಹೋರಾಡಿದ ತಲೆಮಾರಿಗೇ ಸೇರಿದವನು ಬಿಳಿಯನ್ನು ಮುಚ್ಚಿಡುವ ಲೇಪದ ಪ್ರಚಾರಕನೂ ಆಗಿದ್ದ. ಅದೇ ಕಾಲದ ಇಂಗ್ಲಿಷ್ ಚಿತ್ರಕಾರ ಟರ್ನರ್ ಅಂತೂ ಯಾವ ನೇಮವನ್ನೂ ಲೆಕ್ಕಕ್ಕಿಟ್ಟವನಲ್ಲ. 1818ರಲ್ಲಿ ಫಾರ್ನ್‌ಲಿ ಹಾಲ್ ಎಂಬ ಮನೆಯಲ್ಲಿ ಅವನು ಯುದ್ಧನೌಕೆಯೊಂದರ ಜಲವರ್ಣ ಬರೆದದ್ದನ್ನು ಪಕ್ಕದಲ್ಲಿದ್ದು ನೋಡಿದ ಆ ಮನೆಯ ಹುಡುಗನ ನೆನಪು ದಾಖಲಾಗಿದೆ: ಕಾಗದ ನೆನೆದು ತೊಯ್ಯುವವರೆಗೆ ಬಣ್ಣ ಸುರಿದು, ಅದನ್ನು ತಿಕ್ಕಿ, ಕೆರೆದು, ಉಗುರಿನಿಂದ ಗೀಚಿ ಬೆಳಕು ತೆಗೆದನಂತೆ ಟರ್ನರ್.

ಮುಂದಿನ ಪೀಳಿಗೆಗಳ ದೊಡ್ಡ ಹೆಸರುಗಳ ಕಥೆಯೂ ಬೇರೆಯಲ್ಲ. ಅಮೆರಿಕದ ವಿನ್ಸ್ಲೋ ಹೋಮರ್ ಅಡಿರಾಂಡಾಕ್ ಕಾಡಿನ ಸರೋವರಗಳ ಚಿತ್ರಗಳಲ್ಲಿ ಗಾಳದ ದಾರವನ್ನು ಚೂಪಾದ ಮೊನೆಯಿಂದ ಕಾಗದ ಗೀರಿಯೇ ತೋರಿಸಿದ. ಜಾನ್ ಸಿಂಗರ್ ಸಾರ್ಜೆಂಟ್ ಕುಂಚದ ಚುರುಕಿಗೆ ಹೆಸರಾದವನು. ಅವನ ಜಲವರ್ಣಗಳನ್ನು ಪರೀಕ್ಷಿಸಿದ ಸಂರಕ್ಷಣಾ ತಜ್ಞರು ಮೇಣ ಸವರಿ ಬಣ್ಣ ತಡೆದ ಗುರುತುಗಳನ್ನೂ ಅಪಾರದರ್ಶಕ ಬಿಳಿಯನ್ನೂ ಕಂಡಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಸುರಂಗ ನಿಲ್ದಾಣಗಳಲ್ಲಿ ಮಲಗಿದ್ದ ಜನರನ್ನು ಹೆನ್ರಿ ಮೂರ್ ಚಿತ್ರಿಸಿದ್ದು ಮೇಣದ ಕಡ್ಡಿಯ ಗೆರೆಗಳ ಮೇಲೆ ಜಲವರ್ಣ ಹರಿಸಿ. ನಮ್ಮಲ್ಲಿಗೆ ಬಂದರೆ, ಬಣ್ಣ ಹತ್ತದಂತೆ ತಡೆದು ಚಿತ್ತಾರ ಮೂಡಿಸುವ ವಿದ್ಯೆಗೆ ಬಟ್ಟೆಯ ಮೇಲೆ ದೊಡ್ಡ ಪರಂಪರೆಯೇ ಇದೆ. ಬಾಟಿಕ್‌ನಲ್ಲಿ ಮೇಣ, ರಾಜಸ್ಥಾನದ ದಾಬೂ ಮುದ್ರಣದಲ್ಲಿ ಮಣ್ಣು, ಬಾಂಧನಿಯಲ್ಲಿ ದಾರದ ಗಂಟು ಆ ಕೆಲಸ ಮಾಡುತ್ತವೆ. ಉತ್ತರ ಕನ್ನಡ ಮತ್ತು ಗೋವೆಯ ದೇವಸ್ಥಾನಗಳ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರ ಹಚ್ಚಿ, ಬೇಕಾದಲ್ಲಿ ಕಾವಿಯನ್ನು ಕೆರೆದು ಬಿಳಿಯನ್ನು ಹೊರತರುತ್ತಾರೆ. ಈ ಯಾವ ಕುಶಲಕರ್ಮಿಯನ್ನೂ ಮೋಸಗಾರ ಎಂದು ಯಾರೂ ಕರೆದಿಲ್ಲ. ಬಿಳಿಯನ್ನು ಕೈಯೊಂದರಿಂದಲೇ ಉಳಿಸಬೇಕೆಂಬ ನೇಮಕ್ಕೆ ಇತಿಹಾಸದ ಬಲವಿಲ್ಲ.

ಹಾಗೆಂದು ಇತಿಹಾಸದ ಬಲವೊಂದೇ ಸಾಲದು. ನಿಕೋಲ್ಸನ್‌ನ ಮೇಣಕ್ಕೂ ಇಂದಿನ ಬಾಟಲಿಯ ರಬ್ಬರಿಗೂ ವ್ಯತ್ಯಾಸವಿದೆ, ಆ ವ್ಯತ್ಯಾಸದಲ್ಲೇ ಬಳಕೆಯ ಮಿತಿ ಅಡಗಿದೆ. ಸಾಮಾನ್ಯವಾಗಿ ಸಿಗುವ ಮಾಸ್ಕಿಂಗ್ ಫ್ಲೂಯಿಡ್ ಎಂದರೆ ಅಮೋನಿಯ ಬೆರೆಸಿದ ರಬ್ಬರ್ ಹಾಲು, ಕಾಗದದ ಮೇಲೆ ಕಾಣಲೆಂದು ಕೆಲವದರಲ್ಲಿ ಚೂರು ಹಳದಿಯೋ ನೀಲಿಯೋ ಬಣ್ಣ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಬೆಳೆಗಾರರಿಗೆ ಇದರ ಗುಣ ಹೊಸದಾಗಿ ಹೇಳಬೇಕಿಲ್ಲ. ಮರದಿಂದ ಇಳಿದ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ರಬ್ಬರ್, ಉಳಿದದ್ದು ಬಹುಪಾಲು ನೀರು. ರಬ್ಬರಿನ ಸೂಕ್ಷ್ಮ ಕಣಗಳು ಒಂದನ್ನೊಂದು ದೂರ ತಳ್ಳುತ್ತ ನೀರಿನಲ್ಲಿ ತೇಲುತ್ತವೆ. ಹುಳಿ ಬಿದ್ದ ಹಾಲಿನಂತೆ, ಆ್ಯಸಿಡ್ ಹಾಕಿದೊಡನೆ ಅವು ಒಟ್ಟುಗೂಡಿ ಹೆಪ್ಪುಗಟ್ಟುತ್ತವೆ. ತೋಟದಲ್ಲಿ ರಬ್ಬರ್ ಶೀಟ್ ಮಾಡುವುದು ಹೀಗೆಯೇ. ಅಮೋನಿಯದ್ದು ಇದಕ್ಕೆ ತದ್ವಿರುದ್ಧ ಕೆಲಸ: ಹಾಲು ಕೆಡದಂತೆ, ಹೆಪ್ಪುಗಟ್ಟದಂತೆ ಅದು ತಡೆದಿಡುತ್ತದೆ. ಬಾಟಲಿ ತೆರೆದಾಗ ಮೂಗಿಗೆ ಹೊಡೆಯುವ ವಾಸನೆ ಅದರದ್ದು. ಕಾಗದಕ್ಕೆ ಹಚ್ಚಿದ ಮೇಲೆ ನೀರೂ ಅಮೋನಿಯವೂ ಆರಿಹೋಗಿ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಾಗೆ ಬೆಸೆದದ್ದು ಮತ್ತೆ ನೀರಿನಲ್ಲಿ ಬಿಡುವುದಿಲ್ಲ.

ಬಳಕೆಯ ಎಲ್ಲ ಎಚ್ಚರಿಕೆಗಳೂ ಈ ಒಂದು ಸಂಗತಿಯಿಂದ ಹುಟ್ಟುತ್ತವೆ. ಬಾಟಲಿಯನ್ನು ಕುಲುಕಿದರೆ ಗುಳ್ಳೆಗಳೇಳುತ್ತವೆ, ಆ ಗುಳ್ಳೆಗಳಿದ್ದಲ್ಲಿ ಪೊರೆ ತೂತಾಗಿ ಬಣ್ಣ ನುಗ್ಗುತ್ತದೆ. ಒಳ್ಳೆಯ ಕುಂಚವನ್ನು ಅದರಲ್ಲಿ ಅದ್ದಿದರೆ ಕೂದಲ ಬುಡದಲ್ಲಿ ರಬ್ಬರ್ ಕಟ್ಟಿ ಕುಂಚ ಹಾಳಾಗುತ್ತದೆ. ಅದಕ್ಕೇ ಹಳೆಯ ಕುಂಚವನ್ನು ಸೋಪಿನಲ್ಲಿ ಅದ್ದಿಕೊಂಡು ಬಳಸುತ್ತಾರೆ, ಇಲ್ಲವೇ ಸಪೂರ ಗೆರೆ ಎಳೆಯುವ ರೂಲಿಂಗ್ ಪೆನ್ ಹಿಡಿಯುತ್ತಾರೆ. ಒದ್ದೆ ಕಾಗದಕ್ಕೆ ಹಚ್ಚಿದರೆ ಹಾಲು ನಾರಿನೊಳಗೆ ಇಳಿದು ಅಲ್ಲೇ ಬೆಸೆದುಕೊಳ್ಳುತ್ತದೆ, ಕೀಳುವಾಗ ಕಾಗದವೂ ಕಿತ್ತು ಬರುತ್ತದೆ. ಒಳ್ಳೆಯ ಜಲವರ್ಣ ಕಾಗದಕ್ಕೆ ಜೆಲಟಿನ್‌ನಂಥ ಪದಾರ್ಥದ ಲೇಪವಿರುತ್ತದೆ. ಆ ಲೇಪ ಗಟ್ಟಿಯಾಗಿದ್ದಷ್ಟೂ ಪೊರೆ ಸುಲಭವಾಗಿ ಏಳುತ್ತದೆ. ಲೇಪ ಕಡಿಮೆಯಿರುವ ಮೆದು ಕಾಗದದಲ್ಲಿ ಮೇಲ್ಮೈ ಎದ್ದು ಜುಂಗು ಬರುತ್ತದೆ. ಹೇರ್ ಡ್ರೈಯರ್‌ನ ಬಿಸಿ ಗಾಳಿಯಾಗಲಿ, ದಿನಗಟ್ಟಲೆ ಹಾಗೆಯೇ ಬಿಡುವುದಾಗಲಿ ರಬ್ಬರನ್ನು ಕಾಗದಕ್ಕೆ ಇನ್ನಷ್ಟು ಅಂಟಿಸುತ್ತವೆ. ಬಣ್ಣ ಸಂಪೂರ್ಣ ಒಣಗುವ ಮುನ್ನ ಕಿತ್ತರೆ ಹಸಿ ಬಣ್ಣ ಬಿಳಿಯ ಮೇಲೆ ಸವರುತ್ತದೆ. ಪೊರೆಯನ್ನು ಕೀಳಲು ಸರಿಯಾದ ಹೊತ್ತು ಯಾವುದೆಂದರೆ ಕಾಗದ ಮುಟ್ಟಿದರೆ ತಣ್ಣಗೆ ಅನಿಸುವುದು ನಿಂತ ಮೇಲೆ, ಆದರೆ ಆ ಕೆಲಸವನ್ನು ನಾಳೆಗೆ ದೂಡುವ ಮುನ್ನ.

ನನ್ನ ವಾದಕ್ಕೆ ಮುಖ್ಯವಾದದ್ದು ಪೊರೆಯ ಅಂಚು. ಕಾಗದದ ಮೇಲೆ ರಬ್ಬರ್ ಒಂದು ಸಣ್ಣ ದಿಬ್ಬವಾಗಿ ನಿಲ್ಲುತ್ತದೆ. ಹರಿದು ಬಂದ ಬಣ್ಣದ ನೀರು ಆ ದಿಬ್ಬಕ್ಕೆ ತಾಗಿ ಅಲ್ಲಿಯೇ ನಿಂತು ಒಣಗುತ್ತದೆ. ಅಂಚು ಕದಲದ ಹನಿಯೊಂದು ಒಣಗುವಾಗ ಏನಾಗುತ್ತದೆಂಬುದನ್ನು 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಚೆಲ್ಲಿದ ಕಾಫಿಯ ಕಲೆಯನ್ನು ಮುಂದಿಟ್ಟುಕೊಂಡು ವಿವರಿಸಿದರು: ಅಂಚಿನಲ್ಲಿ ಆವಿಯಾದ ನೀರಿನ ಜಾಗ ತುಂಬಲು ಒಳಗಿನ ನೀರು ಅಂಚಿನತ್ತ ಹರಿಯುತ್ತದೆ, ತನ್ನೊಡನೆ ಕಣಗಳನ್ನೂ ಒಯ್ದು ಅಲ್ಲಿ ಗುಡ್ಡೆ ಹಾಕುತ್ತದೆ. ಹೀಗಾಗಿ ರಬ್ಬರ್ ಕಿತ್ತಾಗ ಕಾಣುವ ಬಿಳಿಗೆ ಕತ್ತರಿಸಿದಂಥ ಅಂಚಿರುತ್ತದೆ, ಎಷ್ಟೋ ಸಲ ಅದರ ಸುತ್ತ ಗಾಢ ಬಣ್ಣದ ಗೆರೆಯೂ ಇರುತ್ತದೆ. ಕುಂಚ ಬಿಟ್ಟ ಬಿಳಿಗೆ ಇಂಥ ಏಕರೂಪತೆ ಇಲ್ಲ. ಒಂದೇ ಆಕಾರದ ಒಂದು ಬದಿ ಚೂಪಾಗಿರಬಹುದು, ಇನ್ನೊಂದು ಬದಿ ಪಕ್ಕದ ಬಣ್ಣದಲ್ಲಿ ಕರಗಿಹೋಗಬಹುದು, ಒಣ ಕುಂಚ ಸವರಿದ ಕಡೆ ಅಂಚು ಚೂರುಚೂರಾಗಿ ಒಡೆಯಬಹುದು. ಕುಂಚಕ್ಕೆ ಹಲವು ಬಗೆಯ ಅಂಚುಗಳು ಗೊತ್ತು, ರಬ್ಬರಿಗೆ ಗೊತ್ತಿರುವುದು ಒಂದೇ ಬಗೆ. ಈ ದ್ರವದ ಮೇಲಿರುವ ನಿಜವಾದ ದೂರು ಇದು, ಇದು ನೀತಿಯ ದೂರಲ್ಲ, ನೋಟದ ದೂರು.

ಆದ್ದರಿಂದ ಎಲ್ಲಿ ಇದನ್ನು ಬಳಸಬಾರದು ಎಂಬುದನ್ನು ಸ್ಪಷ್ಟವಾಗಿಯೇ ಹೇಳಬಹುದು. ಮೋಡ, ಮಂಜು, ಹೊಗೆ, ನೊರೆ, ಮುಖದ ಮೇಲೆ ಜಾರುವ ಬೆಳಕು, ಇವುಗಳ ಬಿಳಿಗೆ ಗೆರೆಯಿಲ್ಲ. ಮೈಸೂರು ಸಂಸ್ಥಾನದ ಚಿತ್ರಕಾರ ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕೆನಾಲ್‌ಗಳನ್ನು ಜಲವರ್ಣದಲ್ಲಿ ಚಿತ್ರಿಸಿದವರು. ಅಂಥ ಬೆಟ್ಟದ ನಾಡಿನಲ್ಲಿ ಮಂಜು ಮತ್ತು ಮರಗಳ ನಡುವೆ ಗಡಿ ಎಳೆಯುವ ಯಾವ ಉಪಕರಣವೂ ಆ ನೋಟವನ್ನೇ ಕೆಡಿಸುತ್ತದೆ. ವೆಂಕಟಪ್ಪನವರ ಗುರು ಅವನೀಂದ್ರನಾಥ ಟಾಗೋರರು ಜಪಾನಿನ ಯೊಕೊಯಾಮ ತೈಕಾನ್ ಮತ್ತು ಹಿಶಿದಾ ಶುನ್ಸೊ ಕಲ್ಕತ್ತೆಗೆ ಬಂದಾಗ ಅವರ ಸಹವಾಸದಿಂದ ರೂಪಿಸಿಕೊಂಡ ವಾಶ್ ಪದ್ಧತಿಯಲ್ಲಿ ಬಣ್ಣ ಹಚ್ಚಿದ ಇಡೀ ಹಾಳೆಯನ್ನೇ ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಹಚ್ಚಿ, ಮತ್ತೆ ಅದ್ದುತ್ತಾರೆ. ಬಣ್ಣ ನಾರಿನೊಳಗೆ ಇಳಿದು ಚಿತ್ರವೆಲ್ಲ ಒಂದೇ ಮಬ್ಬು ಬೆಳಕಿನಲ್ಲಿ ನೆನೆಯಬೇಕೆಂಬುದೇ ಅಲ್ಲಿನ ಉದ್ದೇಶ. ಅಲ್ಲಿ ಕಣ್ಣು ಕುಕ್ಕುವ ಬಿಳಿಗೆ ಸ್ಥಾನವೇ ಇಲ್ಲ, ರಬ್ಬರಿಗೂ ಇಲ್ಲ. ಇನ್ನು ದೊಡ್ಡ ಬಿಳಿ ಜಾಗಗಳು: ಬಿಸಿಲಿಗೆ ಹೊಳೆಯುವ ಸುಣ್ಣದ ಗೋಡೆ, ಹಾಸಿದ ಪಂಚೆ, ತೆರೆದ ಆಕಾಶ. ಅವುಗಳ ಸುತ್ತ ಕುಂಚ ಸರಾಗವಾಗಿ ಹೋಗಬಲ್ಲದು. ಅಲ್ಲಿ ರಬ್ಬರ್ ಹಚ್ಚುವುದು ಬಾಟಲಿ ಖಾಲಿ ಮಾಡುವ ಕೆಲಸ, ಅಷ್ಟೇ.

ಎಲ್ಲಿ ಬಳಸಬೇಕು ಎಂಬುದಕ್ಕೂ ಇದೇ ತರ್ಕ ಉತ್ತರ ಕೊಡುತ್ತದೆ. ಮಲ್ಪೆಯ ಬಂದರಿನಲ್ಲಿ ಸಂಜೆಯ ಆಕಾಶ ಕಿತ್ತಳೆಯಿಂದ ನೇರಳೆಗೆ ಇಳಿಯುತ್ತಿದೆ, ಅದರ ಮುಂದೆ ದೋಣಿಗಳ ಹಗ್ಗಗಳು ಬೆಳಕು ಹಿಡಿದು ಹೊಳೆಯುತ್ತಿವೆ ಎನ್ನಿ. ಆಕಾಶವನ್ನು ಹಗ್ಗಗಳ ನಡುವಿನ ತುಂಡುತುಂಡಾಗಿ ಬರೆದರೆ ಪ್ರತಿ ತುಂಡಿಗೂ ಬೇರೆ ಬಣ್ಣ ಬಂದು ಆಕಾಶವೇ ಹರಿದುಹೋಗುತ್ತದೆ. ಹಗ್ಗಗಳಿಗೆ ರೂಲಿಂಗ್ ಪೆನ್ನಿನಿಂದ ದ್ರವ ಎಳೆದಿಟ್ಟರೆ ಆಕಾಶಕ್ಕೆ ಒಂದೇ ಓಟ ಸಿಗುತ್ತದೆ. ಕಡು ಹಸಿರು ಎಲೆಗಳ ಹಿನ್ನೆಲೆಯಲ್ಲಿ ಮಲ್ಲಿಗೆ ಮೊಗ್ಗುಗಳು, ಕಪ್ಪು ನೀರಿನ ಮೇಲೆ ಬಿಸಿಲಿನ ಚುಕ್ಕಿಗಳು, ನೆರಳಿನ ಕಾಡಿನ ಮುಂದೆ ಬೆಳಕು ಬಿದ್ದ ಹುಲ್ಲಿನ ಎಳೆಗಳು, ಬಂಡೆಗೆ ಬಡಿದು ಸಿಡಿದ ಹನಿಗಳು: ಎಲ್ಲದರಲ್ಲೂ ಬಿಳಿ ಸಣ್ಣದು, ಹಲವು ಕಡೆ ಚದುರಿದ್ದು, ಅಂಚು ನಿಜಕ್ಕೂ ಚೂಪಾದದ್ದು, ಹಿನ್ನೆಲೆಯಾದರೋ ಒಂದೇ ಪ್ರವಾಹ. ಈ ನಾಲ್ಕು ಲಕ್ಷಣಗಳೂ ಕೂಡಿದಾಗ ಬಾಟಲಿ ತೆಗೆಯುವುದು ಆಲಸ್ಯವಲ್ಲ, ವಿವೇಕ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಕುಂಚವೇ ಮೇಲು.

ಇದಕ್ಕೆ ಬರುವ ಮೊದಲ ಆಕ್ಷೇಪ ಅಭ್ಯಾಸದ್ದು. ಬಿಳಿಯನ್ನು ಬಿಟ್ಟುಕೊಂಡು ಹೋಗುವ ಕಷ್ಟವೇ ಕಣ್ಣನ್ನೂ ಕೈಯನ್ನೂ ತಿದ್ದುತ್ತದೆ. ಆ ಕಷ್ಟವನ್ನು ರಬ್ಬರಿಗೆ ಒಪ್ಪಿಸಿದವನು ನೋಡುವುದನ್ನೇ ಕಲಿಯುವುದಿಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ವಸ್ತುವನ್ನು ಬಿಟ್ಟು ಅದರ ಸುತ್ತಲಿನ ಖಾಲಿ ಜಾಗದ ಆಕಾರವನ್ನು ಬರೆಯುವುದು ಜಲವರ್ಣದ ಮೂಲಪಾಠ, ಮೊದಲ ದಿನವೇ ಬಾಟಲಿ ಕೊಟ್ಟರೆ ಆ ಪಾಠ ತಪ್ಪಿಹೋಗುತ್ತದೆ. ಆದರೆ ಈ ಆಕ್ಷೇಪ ಸಾಧಿಸುವುದು ಕಲಿಕೆಯ ಕ್ರಮವನ್ನು ಮಾತ್ರ: ಮೊದಲು ಕುಂಚ, ಆಮೇಲೆ ರಬ್ಬರ್. ಕಲಿತವರಿಗೂ ಅದು ಸಲ್ಲದು ಎಂಬ ತೀರ್ಮಾನ ಇದರಿಂದ ಹುಟ್ಟುವುದಿಲ್ಲ. ಇಷ್ಟಕ್ಕೂ ರಬ್ಬರ್ ಹಚ್ಚುವವನೂ ಯೋಚನೆಯಿಂದ ತಪ್ಪಿಸಿಕೊಳ್ಳಲಾರ. ಯಾವ ಹನಿ ಉಳಿಯಬೇಕು, ಎಷ್ಟು ದಪ್ಪ, ಯಾವುದನ್ನು ಬಿಡಬೇಕು ಎಂಬುದನ್ನೆಲ್ಲ ಅವನು ಬಣ್ಣ ಕಲಸುವ ಮುನ್ನವೇ ತೀರ್ಮಾನಿಸಬೇಕು. ಕುಂಚದಲ್ಲಾದರೆ ನಡುದಾರಿಯಲ್ಲಿ ಮನಸ್ಸು ಬದಲಿಸಿ ಒಂದು ಬಿಳಿಯನ್ನು ಮುಚ್ಚಿಬಿಡಬಹುದು. ರಬ್ಬರ್ ಹಚ್ಚಿದವನಿಗೆ ಅದು ಕೊನೆಯವರೆಗೆ ಕೈಗೆ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ವ್ಯವಹಾರದ್ದು. ಇಷ್ಟೆಲ್ಲ ರಗಳೆ ಏಕೆ, ಕೊನೆಗೆ ಬಿಳಿ ಪೋಸ್ಟರ್ ಕಲರ್‌ನಲ್ಲೋ ಬಿಳಿ ಜೆಲ್ ಪೆನ್ನಿನಲ್ಲೋ ಗೆರೆ ಎಳೆದರಾಯಿತಲ್ಲ? ಅದೂ ಹಳೆಯ ದಾರಿಯೇ. ಸೀಸದ ಬಿಳಿ ಜಲವರ್ಣದಲ್ಲಿ ಕ್ರಮೇಣ ಕಪ್ಪಾಗುತ್ತಿತ್ತು. 1834ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ಕಂಪನಿ ಸತುವಿನ ಆಕ್ಸೈಡ್‌ನಿಂದ ಮಾಡಿದ ಚೈನೀಸ್ ವೈಟ್ ತಂದ ಮೇಲೆ ಬಾಳುವ ಬಿಳಿ ಕೈಗೆ ಸಿಕ್ಕಿತು. ಒಂದೆರಡು ಮಿನುಗಿಗೆ, ತಪ್ಪಿಹೋದ ಒಂದು ಬೆಳಕಿಗೆ ಈ ದಾರಿ ಸಾಕು, ಇದರಲ್ಲೂ ಅಪಚಾರವೇನಿಲ್ಲ. ಆದರೆ ಹಚ್ಚಿದ ಬಿಳಿಯೂ ಉಳಿಸಿದ ಬಿಳಿಯೂ ಒಂದೇ ಥರ ಕಾಣುವುದಿಲ್ಲ. ಉಳಿಸಿದ ಬಿಳಿ ಚಿತ್ರದ ಉಳಿದ ಬಣ್ಣಗಳಿಗೆಲ್ಲ ಬೆಳಕು ಕೊಡುವ ಅದೇ ಕಾಗದ. ಹಚ್ಚಿದ ಬಿಳಿ ಬಣ್ಣದ ಮೇಲೆ ಕೂತ ಸುಣ್ಣದ ಪದರ. ಸಾಲದ್ದಕ್ಕೆ, ಕಾಗದದ ಬಿಳಿಯ ಮೇಲೆ ಆಮೇಲೆ ತಿಳಿ ಹಳದಿಯೋ ಗುಲಾಬಿಯೋ ಹಾಯಿಸಿದರೆ ಅದು ಒಳಗಿನಿಂದ ಬೆಳಗುತ್ತದೆ. ಪೋಸ್ಟರ್ ಬಿಳಿಯ ಮೇಲೆ ಹಾಯಿಸಿದರೆ ಬಿಳಿಯೇ ಕದಡಿ ಬಣ್ಣ ಮಸುಕಾಗುತ್ತದೆ. ಮಲ್ಲಿಗೆಗೆ ಮೊಗ್ಗಿನ ತೊಟ್ಟಿನ ಹಸಿರು ಛಾಯೆ ಬೇಕಾದವನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮೂರನೆಯದು ಸುರಕ್ಷತೆ ಮತ್ತು ಖರ್ಚಿನ ಮಾತು. ನೈಸರ್ಗಿಕ ರಬ್ಬರಿನ ಪ್ರೋಟೀನುಗಳು ಕೆಲವರಿಗೆ ಅಲರ್ಜಿ ತರುತ್ತವೆ. ಬಲೂನು, ರಬ್ಬರ್ ಕೈಗವಸು ಮುಟ್ಟಿದರೆ ತುರಿಕೆ ಬರುವವರು ಈ ಬಾಟಲಿಯಿಂದ ದೂರವಿರುವುದು ಒಳ್ಳೆಯದು. ಅಮೋನಿಯದ ಕಾರಣ ಕಿಟಕಿ ತೆರೆದಿಟ್ಟೇ ಬಳಸಬೇಕು. ತೆರೆದ ಬಾಟಲಿ ದಿನ ಕಳೆದಂತೆ ಗಟ್ಟಿಯಾಗಿ ಕೆಡುತ್ತದೆ, ಅಗ್ಗದ ಕಾಗದದಲ್ಲಿ ಹಾನಿಯೇ ಹೆಚ್ಚು. ಇವೆಲ್ಲ ನಿಜ. ಅದಕ್ಕೇ ಶಾಲೆಯ ಚಿಕ್ಕ ಮಕ್ಕಳ ತರಗತಿಗೆ ಇದು ಬೇಡ ಎಂದು ನಾನೂ ಹೇಳುತ್ತೇನೆ. ಅಲ್ಲಿ ಮೇಣದಬತ್ತಿಯ ತುಂಡೊಂದು ಸಾಕು: ಗೀಚಿದಲ್ಲಿ ಬಣ್ಣ ನಿಲ್ಲುವುದಿಲ್ಲ, ಮಗುವಿಗೆ ತಡೆಯುವ ತತ್ವವೂ ಅರ್ಥವಾಗುತ್ತದೆ, ವಾಶ್ ಹರಿಸುವ ಖುಷಿಯೂ ಸಿಗುತ್ತದೆ. ಮೇಣವನ್ನು ಕಾಗದದಿಂದ ಪೂರ್ತಿ ತೆಗೆಯಲಾಗದು ಎಂಬುದು ಆ ವಯಸ್ಸಿನಲ್ಲಿ ಅಡ್ಡಿಯೇನಲ್ಲ.

ಎದುರು ಬದಿಯ ಆಕ್ಷೇಪವೂ ಒಂದಿದೆ. ಫಲಿತಾಂಶ ಚೆನ್ನಾಗಿದ್ದರೆ ಸಾಕು, ಎಲ್ಲಿ ಎಷ್ಟು ಹಚ್ಚಬೇಕೆಂಬ ಲೆಕ್ಕವೇಕೆ ಎಂದು ಬಾಟಲಿಯ ಅಭಿಮಾನಿಗಳು ಕೇಳಬಹುದು. ಫಲಿತಾಂಶ ನೋಡಿಯೇ ಈ ಲೆಕ್ಕ ಹುಟ್ಟಿದೆ ಎಂಬುದು ನನ್ನ ಉತ್ತರ. ಎಲ್ಲ ಬಿಳಿಗೂ ಒಂದೇ ಚೂಪು ಅಂಚಿರುವ ಚಿತ್ರದಲ್ಲಿ ಕಣ್ಣಿಗೆ ವಿಶ್ರಾಂತಿಯಿಲ್ಲ. ಹತ್ತಿರದ ಹೂವೂ ದೂರದ ಗೋಡೆಯೂ ಒಂದೇ ತಟ್ಟಿನಲ್ಲಿ ಅಂಟಿಸಿದಂತೆ ಕಾಣುತ್ತವೆ. ಪೊರೆ ಕಿತ್ತೊಡನೆ ಚಿತ್ರ ಮುಗಿಯಿತೆಂದುಕೊಳ್ಳುವುದರಿಂದ ಈ ತೊಂದರೆ ಇನ್ನೂ ಹೆಚ್ಚುತ್ತದೆ. ನುರಿತವರು ಕೆಲಸ ಮುಂದುವರಿಸುವುದು ಆ ಕ್ಷಣದಿಂದ. ತೇವದ ಕುಂಚದಿಂದ ಕೆಲವು ಅಂಚುಗಳನ್ನು ಸವರಿ ಮೆತ್ತಗಾಗಿಸುತ್ತಾರೆ, ಕೆಲವು ಬಿಳಿಗಳ ಮೇಲೆ ತಿಳಿ ಬಣ್ಣ ಹಾಯಿಸಿ ಅವನ್ನು ಹಿಂದೆ ಸರಿಸುತ್ತಾರೆ, ಬೇಡವಾದವನ್ನು ಪೂರ್ತಿ ಮುಚ್ಚುತ್ತಾರೆ. ವಿಡಿಯೊದಲ್ಲಿ ಕೊನೆಯಾಗಿ ಕಾಣುವ ಗಳಿಗೆ ನಿಜವಾದ ಕೆಲಸದಲ್ಲಿ ನಡುಭಾಗ.

ಹೀಗೆ ನೋಡಿದರೆ ಚಿತ್ರಕಲಾ ಶಿಕ್ಷಕರೂ ಸ್ಪರ್ಧೆಗಳ ತೀರ್ಪುಗಾರರೂ ತಮ್ಮ ಪ್ರಶ್ನೆಯನ್ನು ಬದಲಿಸಿಕೊಳ್ಳುವುದು ಒಳಿತು. ರಬ್ಬರ್ ಹಚ್ಚಿದ್ದೀರಾ ಎಂದು ಕೇಳಿ ಅಂಕ ಕಳೆಯುವುದರಿಂದ ಪ್ರಯೋಜನವಿಲ್ಲ. ಹಚ್ಚಿದ್ದು ಕೊನೆಯಲ್ಲಿ ಯಾವಾಗಲೂ ಗೊತ್ತಾಗುವುದೂ ಇಲ್ಲ. ಚಿತ್ರದಲ್ಲಿ ಎಷ್ಟು ಬಗೆಯ ಅಂಚುಗಳಿವೆ, ಹಿನ್ನೆಲೆಯ ವಾಶ್ ಒಡೆಯದೆ ಹರಿದಿದೆಯೇ, ಅತ್ಯಂತ ಬೆಳ್ಳನೆಯ ಜಾಗ ಚಿತ್ರದ ಮುಖ್ಯ ವಿಷಯದ ಬಳಿಯೇ ಇದೆಯೇ ಎಂದು ನೋಡಿದರೆ ಬರೆದವನ ಕಣ್ಣು ಎಷ್ಟು ಪಳಗಿದೆ ಎಂಬುದು ತಿಳಿಯುತ್ತದೆ. ಕಲಿಸುವ ಕಡೆ ಒಂದು ಸರಳ ಅಭ್ಯಾಸ ಸಾಕು: ಒಂದೇ ದೃಶ್ಯವನ್ನು ಎರಡು ಹಾಳೆಗಳಲ್ಲಿ ಬರೆಸಿ, ಒಂದರಲ್ಲಿ ಕುಂಚದಿಂದ ಬಿಳಿ ಬಿಟ್ಟು, ಇನ್ನೊಂದರಲ್ಲಿ ರಬ್ಬರ್ ಹಚ್ಚಿ. ಮೊದಲನೆಯದರಲ್ಲಿ ವಾಶ್ ಎಲ್ಲಿ ಮುರಿಯಿತು, ಎರಡನೆಯದರಲ್ಲಿ ಅಂಚು ಎಲ್ಲಿ ಬಿಗಿಯಾಯಿತು ಎಂಬುದನ್ನು ವಿದ್ಯಾರ್ಥಿಯೇ ಗುರುತಿಸಲಿ. ಎರಡೂ ದಾರಿಗಳಿಗೆ ಬೆಲೆ ತೆರಬೇಕು ಎಂದು ಅವನಿಗೆ ಮನವರಿಕೆಯಾದ ಮೇಲೆ ಯಾವ ಚಿತ್ರಕ್ಕೆ ಯಾವ ಬೆಲೆ ಕಡಿಮೆ ಎಂದು ಲೆಕ್ಕ ಹಾಕುವುದನ್ನು ಅವನು ತಾನೇ ಕಲಿಯುತ್ತಾನೆ. ಆ ಲೆಕ್ಕ ಬಂದವನಿಗೆ ಬಾಟಲಿಯನ್ನು ನಿಷೇಧಿಸುವ ಅಗತ್ಯವಿಲ್ಲ. ಆ ಲೆಕ್ಕ ಬಾರದವನಿಗೆ ಬಾಟಲಿ ಕೊಟ್ಟರೂ ಪ್ರಯೋಜನ ಇಲ್ಲ.